ಗುಡ್ಡ ಕುಸಿದರೆ ಓಡುತ್ತೇವೆ, ಮನೆ ಕುಸಿದರೆ?



ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರು 2025ರ ಫೆಬ್ರವರಿ 13ರಂದು ತೀರಿಕೊಂಡರು. 88ರ ಇಳಿವಯಸ್ಸು. ಊರವರ ಬಾಯಲ್ಲಿ ಅವರು ಸುಕ್ರಜ್ಜಿ. ಹಾಲಕ್ಕಿ ಒಕ್ಕಲಿಗರೆಂಬ ಬುಡಕಟ್ಟಿನ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯಿಂದ ಕಲಿತ ಹಾಡುಗಳನ್ನು ಸಾವಿರದ ಲೆಕ್ಕದಲ್ಲಿ ನೆನಪಿನಲ್ಲಿಟ್ಟುಕೊಂಡು ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು, 2017ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಅವರಿಗಿಂತ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಅದೇ ತಾಲೂಕಿನ, ಅದೇ ಸಮುದಾಯದ, ಗಿಡ ನೆಟ್ಟು ಕಾಡು ಬೆಳೆಸಿದ ತುಳಸಿ ಗೌಡ ಅವರೂ ಹೋಗಿದ್ದರು. ಒಂದು ಪುಟ್ಟ ಸಮುದಾಯ ಒಂದೇ ಚಳಿಗಾಲದಲ್ಲಿ ಇಬ್ಬರು ಹಿರಿಯಜ್ಜಿಯರನ್ನು ಕಳೆದುಕೊಂಡಿತು.

ಸುಕ್ರಜ್ಜಿ ಕ್ರೈಸ್ತರಾಗಿರಲಿಲ್ಲ. ಹಾಗಿದ್ದರೆ ನಮ್ಮ ಧರ್ಮಕೇಂದ್ರದ ಪತ್ರಿಕೆಯಲ್ಲಿ ಅವರ ಸ್ಮರಣೆ ಏಕೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಗುಂಪಿಗೆ ಸೇರದವನೊಬ್ಬ ನಿಮ್ಮ ಹೆಸರಿನಲ್ಲಿ ದೆವ್ವ ಬಿಡಿಸುತ್ತಿದ್ದಾನೆ, ಅವನನ್ನು ತಡೆದೆವು ಎಂದು ಶಿಷ್ಯ ಯೊವಾನ್ನನು ಹೇಳಿದಾಗ ಯೇಸುಸ್ವಾಮಿ ಮೆಚ್ಚಲಿಲ್ಲ, ತಡೆಯಬೇಡಿ ಎಂದರು. ಇದನ್ನು ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಶುದ್ಧ ಮನಸ್ಸಿನಿಂದ ದೇವರನ್ನು ಅರಸಿ, ಅಂತಃಸಾಕ್ಷಿಯ ಮಾತಿಗೆ ತಕ್ಕಂತೆ ಬಾಳುವವರಿಗೂ ರಕ್ಷಣೆಯ ಬಾಗಿಲು ಮುಚ್ಚಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿದೆ. ಆದರೆ ಸುಕ್ರಜ್ಜಿಯನ್ನು ನೆನೆಯಲು ನಮಗೆ ಇದಕ್ಕಿಂತ ಹತ್ತಿರದ ಕಾರಣವೊಂದಿದೆ. ಅವರು ಹಾಡಿದ್ದು ಮಾತ್ರವಲ್ಲ, ಹೋರಾಡಿದರು. ಆ ಹೋರಾಟ ಚಿಂಬಲ್‌ನಲ್ಲಿರುವ ಕನ್ನಡದ ಮನೆಗಳಿಗೆ ನೇರವಾಗಿ ತಟ್ಟುವಂಥದ್ದು.

ವಿಪತ್ತು ಎಂದರೇನು?

ಮೊದಲು ಇನ್ನೊಂದು ಘಟನೆಯನ್ನು ನೆನೆಯೋಣ. 2024ರ ಜುಲೈ 16ರ ಬೆಳಿಗ್ಗೆ, ಅದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಇಲ್ಲಿಂದ ಕುಮಟಾ, ಹೊನ್ನಾವರದ ಕಡೆಗೆ ಊರಿಗೆ ಹೋಗುವ ನಮ್ಮಲ್ಲಿ ಅನೇಕರು ಮಡಗಾಂವ್, ಕಾರವಾರ ದಾಟಿ ಸಾಗುವ ದಾರಿಯೇ ಅದು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನಡಿ ಹೋದವು. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು, ಆಚೆ ದಡದ ಉಳುವರೆ ಗ್ರಾಮದ ಹಾಲಕ್ಕಿ ಮನೆಗಳಿಗೂ ನುಗ್ಗಿತು. ಹನ್ನೊಂದು ಮಂದಿ ಸತ್ತರು. ಪೊಲೀಸರು ಬಂದರು, ಸೈನಿಕರು ಬಂದರು, ಮುಳುಗುಗಾರರು ಬಂದರು. ನದಿಯ ಮಣ್ಣೆತ್ತಲು ಗೋವಾದಿಂದ ಡ್ರೆಜರ್ ಹೋಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹವನ್ನು ಸೆಪ್ಟೆಂಬರ್ 25ರಂದು, ಎರಡು ತಿಂಗಳಿಗೂ ಹೆಚ್ಚು ಕಾಲದ ಮೇಲೆ, ನೀರಿನಿಂದ ಎತ್ತಲಾಯಿತು. ಅಷ್ಟು ದಿನವೂ ಎರಡು ರಾಜ್ಯಗಳ ಜನ ಅವನ ಹೆಸರು ಹಿಡಿದು ಕಾದರು. ಒಬ್ಬ ಕೂಲಿಯ ದೇಹಕ್ಕಾಗಿ ನಾಡು ಹೀಗೆ ಕಾಯುವುದು ಒಳ್ಳೆಯದು, ಮನುಷ್ಯನ ಬೆಲೆ ಗೊತ್ತಿರುವ ಲಕ್ಷಣ ಅದು.

ಈಗ ಅದೇ ತಾಲೂಕಿನ ಬಡಿಗೇರಿಗೆ ಬರೋಣ. ಅಲ್ಲಿ ಗುಡ್ಡ ಕುಸಿಯಲಿಲ್ಲ. ಸಾರಾಯಿ ಬಂತು. ಒಬ್ಬನ ಕೂಲಿ ಅಂಗಡಿಗೆ ಹೋಯಿತು, ಇನ್ನೊಬ್ಬನ ಗದ್ದೆ ಹೋಯಿತು, ಮತ್ತೊಬ್ಬ ಯಕೃತ್ತು ಕೆಟ್ಟು ಸತ್ತ. ಒಂದೊಂದು ವರ್ಷ ಒಂದೊಂದು ಮನೆ. ಸುಕ್ರಜ್ಜಿ ಮಗನೆಂದು ಸಾಕಿದವನನ್ನೂ ಕುಡಿತವೇ ಕೊಂದಿತು. ಆ ಸಾವುಗಳಿಗೆ ಯಾವ ಸೈನಿಕರೂ ಬರಲಿಲ್ಲ, ಯಾವ ಡ್ರೆಜರೂ ಬರಲಿಲ್ಲ. ಕುಡಿದು ಸತ್ತ ಎಂದು ಹೇಳಿ ಜನ ಸುಮ್ಮನಾದರು.

ನಮ್ಮ ದೇಶದ 2005ರ ವಿಪತ್ತು ನಿರ್ವಹಣಾ ಕಾಯ್ದೆ ವಿಪತ್ತು ಎಂಬುದಕ್ಕೆ ಒಂದು ಅರ್ಥ ಕೊಡುತ್ತದೆ. ಪ್ರಕೃತಿಯಿಂದಲೋ ಮನುಷ್ಯನ ಕೈಯಿಂದಲೋ ಬಂದ, ಜೀವಹಾನಿ, ಸಂಕಟ ತರುವ, ಆ ಸಮುದಾಯ ತನ್ನ ಸ್ವಂತ ಬಲದಿಂದ ತಾಳಿಕೊಳ್ಳಲಾಗದಷ್ಟು ದೊಡ್ಡದಾದ ಅನಾಹುತ ಎಂದು ಅದರ ತಾತ್ಪರ್ಯ. ಕಾಯ್ದೆ ಬರೆದವರ ಮನಸ್ಸಿನಲ್ಲಿ ನೆರೆ, ಭೂಕಂಪ, ಚಂಡಮಾರುತ ಇದ್ದಿರಬೇಕು, ಸಾರಾಯಿಯಲ್ಲ. ಆದರೆ ಆ ಮಾತುಗಳನ್ನು ಹಿಡಿದು ಬಡಿಗೇರಿಯನ್ನು ನೋಡಿ. ಮನುಷ್ಯನ ಕೈಯಿಂದ ಬಂದದ್ದು, ಹೌದು. ಸಾವು, ಸಂಕಟ, ಹೌದು. ಸಮುದಾಯದ ಬಲಕ್ಕೆ ಮೀರಿದ್ದು, ಹೌದು. ಇಲ್ಲದ್ದು ಒಂದೇ, ಅದು ಒಂದೇ ದಿನ ಬರಲಿಲ್ಲ. ನಿಧಾನವಾಗಿ ಬಂದ ಮಾತ್ರಕ್ಕೆ ಅದು ವಿಪತ್ತಲ್ಲವೇ? ಈ ಪ್ರಶ್ನೆಗೆ ಸುಕ್ರಜ್ಜಿ ತಮ್ಮ ಬದುಕಿನಿಂದ ಉತ್ತರ ಕೊಟ್ಟರು. ಗುಡ್ಡ ಕುಸಿದಾಗ ಹೇಗೆ ಓಡುತ್ತಾರೋ ಹಾಗೆ ಅವರು ಸಾರಾಯಿಯ ವಿರುದ್ಧ ಓಡಿದರು. ಹೆಂಗಸರನ್ನು ಕೂಡಿಸಿದರು, ಸಾರಾಯಿ ಅಂಗಡಿ ನಮ್ಮೂರಿಗೆ ಬೇಡ ಎಂದು ಬೀದಿಗಿಳಿದರು.

ಕೋಲಿಲ್ಲದ ಕೋಲಕಾರ

ಹಾಲಕ್ಕಿಗಳ ಕೊಪ್ಪಗಳಲ್ಲಿ ಹಿಂದಿನಿಂದ ಒಂದು ವ್ಯವಸ್ಥೆಯಿದೆ. ಊರಿನ ಯಜಮಾನ ಗೌಡ. ಅವನಿಗೆ ಸಲಹೆ ಹೇಳುವವನು ಬುದ್ಧಿವಂತ. ಮನೆಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಜನರನ್ನು ಕರೆದು ತರುವವನು ಕೋಲಕಾರ. ಮದುವೆಯಿರಲಿ, ಸಾವಿರಲಿ, ಜಗಳವಿರಲಿ, ಈ ಮೂವರು ಸೇರಿ ಊರನ್ನು ಕೂಡಿಸುತ್ತಿದ್ದರು. ಇಂದು ನಾವು ತುರ್ತು ನಿರ್ವಹಣೆ ಎಂದು ದೊಡ್ಡ ಹೆಸರಿನಿಂದ ಕರೆಯುವುದರ ತಿರುಳು ಇದೇ ಅಲ್ಲವೇ? ಯಾರು ತೀರ್ಮಾನಿಸಬೇಕು, ಯಾರು ತಿಳಿದು ಹೇಳಬೇಕು, ಯಾರು ಓಡಿಹೋಗಿ ಕರೆಯಬೇಕು ಎಂಬುದು ಮೊದಲೇ ಗೊತ್ತಿರುವುದು.

ಈ ಹುದ್ದೆಗಳು ಗಂಡಸರವು. ಕುಡಿತ ಗಂಡಸರನ್ನೇ ಹಿಡಿದಾಗ ಕರೆಯುವವರು ಯಾರು? ಯಾರೂ ನೇಮಿಸದೆ, ಕೈಯಲ್ಲಿ ಕೋಲಿಲ್ಲದೆ, ಒಬ್ಬ ವಿಧವೆ ಆ ಕೆಲಸಕ್ಕೆ ನಿಂತಳು. ಅವಳಿಗಿದ್ದದ್ದು ಹಾಡು, ಮತ್ತು ಹಾಡಿನಿಂದ ಬಂದ ಗೌರವ. ಅವರ ಹಾಡು, ಹೋರಾಟ ಎರಡೂ ಬೇರೆಬೇರೆಯೆಂದು ನಮಗೆ ಅನಿಸುವುದಿಲ್ಲ. ಬಿತ್ತನೆಯ ಹಾಡು, ಮದುವೆಯ ಹಾಡು ಬಾಯಿಂದ ಬಾಯಿಗೆ ದಾಟಬೇಕಾದರೆ ಹೇಳುವವರೂ ಕೇಳುವವರೂ ಎಚ್ಚರವಾಗಿರಬೇಕು. ಕುಡಿದು ಬಿದ್ದ ಮನೆಯಲ್ಲಿ ಹಾಡು ಯಾರಿಗೆ ಕಲಿಸುವುದು?

ಇನ್ನೊಬ್ಬರ ಮನೆಯ ವಿಷಯ

ಇಲ್ಲಿ ಕಷ್ಟದ ಪ್ರಶ್ನೆಯೊಂದು ಏಳುತ್ತದೆ. ಅವರ ಮನೆಯ ವಿಷಯದಲ್ಲಿ ನಾವೇಕೆ ತಲೆಹಾಕಬೇಕು? ಇದು ಬರೀ ಹೇಡಿಗಳ ಮಾತಲ್ಲ, ಮರ್ಯಾದಸ್ಥರೂ ಹೀಗೆ ಕೇಳುತ್ತಾರೆ. ಒಬ್ಬರ ಮನೆಯ ಬಾಗಿಲಿಗೆ ಬೆಲೆಯಿದೆ. ಬಡವರ ಮನೆಗೆ ಯಾರು ಬೇಕಾದರೂ ನುಗ್ಗಿ ಬುದ್ಧಿ ಹೇಳುವ ಅಭ್ಯಾಸ ಒಳ್ಳೆಯದಲ್ಲ. ಶ್ರೀಮಂತನ ಮನೆಯ ಕುಡಿತಕ್ಕೆ ಪರದೆಯಿರುತ್ತದೆ, ಬಡವನ ಮನೆಯ ಕುಡಿತ ಓಣಿಗೆಲ್ಲ ಕೇಳಿಸುತ್ತದೆ. ಕೇಳಿಸಿದ ಮಾತ್ರಕ್ಕೆ ಬಡವನೇ ಹೆಚ್ಚಿನ ಪಾಪಿ ಎಂದಲ್ಲ.

ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಎತ್ತಿಕೊಂಡು ಒಂದು ಭೇದ ಮಾಡಿದ್ದಾರೆ. ತಪ್ಪಿನಿಂದ ತಪ್ಪು ಮಾಡಿದವನಿಗೇ ಕೇಡಾಗುತ್ತಿದ್ದರೆ, ಅವನನ್ನು ತಿದ್ದುವುದು ಪ್ರೀತಿಯ ಕೆಲಸ, ಅದು ಎಲ್ಲರಿಗೂ ಸೇರಿದ್ದು. ಅದರಿಂದ ಬೇರೆಯವರಿಗೆ ಕೇಡಾಗುತ್ತಿದ್ದರೆ, ತಡೆಯುವುದು ನ್ಯಾಯದ ಕೆಲಸ, ಅದು ಅಧಿಕಾರವಿರುವವರಿಗೆ ಸೇರಿದ್ದು. ಪ್ರೀತಿಯಿಂದ ತಿದ್ದುವುದೂ ಎಲ್ಲ ಹೊತ್ತಿನಲ್ಲಿ, ಎಲ್ಲ ರೀತಿಯಲ್ಲಿ ಅಲ್ಲ. ತಕ್ಕ ಸಮಯ, ತಕ್ಕ ರೀತಿ ನೋಡಬೇಕು ಎನ್ನುತ್ತಾರೆ ಅವರು. ಮೊದಲು ಒಬ್ಬನೇ ಹೋಗಿ ಮಾತನಾಡು, ಕೇಳದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂದು ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತೋರಿಸಿದ ಕ್ರಮವೂ ಇದೇ. ಮೊದಲ ಹೆಜ್ಜೆ ಗುಟ್ಟಿನದು, ಮಾನ ಕಾಯುವಂಥದ್ದು.

ಕುಡಿತದಲ್ಲಿ ಈ ಎರಡೂ ಕೂಡಿಕೊಂಡಿವೆ. ಕುಡಿಯುವವನಿಗೂ ಕೇಡು, ಹೆಂಡತಿ ಮಕ್ಕಳಿಗೂ ಕೇಡು. ಆದ್ದರಿಂದ ಮನೆಯ ವಿಷಯ ಎಂಬ ಮಾತು ಅರ್ಧ ಮಾತ್ರ ಸತ್ಯ. ಆ ಮನೆಯಲ್ಲಿ ಮಾತನಾಡುವ ಹಕ್ಕಿಲ್ಲದ ಮಗುವೂ ಇದೆ. ಹೊಡೆಸಿಕೊಳ್ಳುವ ಹೆಂಗಸಿಗೆ ಬಾಗಿಲು ಮರ್ಯಾದೆಯಲ್ಲ, ಗೋಡೆ. ಅಂಥಲ್ಲಿ ಪ್ರೀತಿಯ ಜೊತೆಗೆ ನ್ಯಾಯವೂ ಬೇಕು, ಬೇಕಾದರೆ ಪೊಲೀಸರೂ ಬೇಕು. ಸಹಿಸಿಕೋ ಅಮ್ಮಾ, ಶಿಲುಬೆ ಎಂದು ತಿಳಿದುಕೋ ಎಂದು ಹೇಳುವುದು ಶುಭಸಂದೇಶವಲ್ಲ.

ಸಂತ ಲೂಕನ ಶುಭಸಂದೇಶದಲ್ಲಿ ನೆರೆಯವನ ಬಗ್ಗೆ ಎರಡು ಸಾಮತಿಗಳಿವೆ. ಒಂದು, ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನನ್ನು ಎತ್ತಿದ ಸಮಾರ್ಯದವನದು. ಇನ್ನೊಂದು, ಧನಿಕನ ಬಾಗಿಲಲ್ಲಿ ಬಿದ್ದಿದ್ದ ಲಾಜರನದು. ಸಮಾರ್ಯದವನು ಕಂಡದ್ದು ಅಪಘಾತ; ಒಂದು ದಿನದ ದಯೆ, ಎರಡು ನಾಣ್ಯ, ಒಂದು ವಸತಿಗೃಹ ಅಲ್ಲಿ ಸಾಕಾಯಿತು. ಲಾಜರನದು ಅಪಘಾತವಲ್ಲ, ದಿನದಿನದ ನೋವು. ಧನಿಕನು ಅವನನ್ನು ಹೊಡೆಯಲಿಲ್ಲ, ಓಡಿಸಲೂ ಇಲ್ಲ. ನಿತ್ಯ ನೋಡಿದ್ದರಿಂದ ನೋಡುವುದೇ ನಿಂತುಹೋಯಿತು. ಪ್ರಭುವು ಕಠಿಣ ತೀರ್ಪು ಹೇಳಿದ್ದು ಈ ಎರಡನೆಯ ಕತೆಯಲ್ಲಿ ಎಂಬುದನ್ನು ಗಮನಿಸಬೇಕು.

ಅವನೇ ತಂದುಕೊಂಡದ್ದು ಎನ್ನುವವರಿಗೆ

ಗುಡ್ಡದಡಿ ಸತ್ತವರು ನಿರಪರಾಧಿಗಳು, ಕುಡಿದವನು ತಾನೇ ಗ್ಲಾಸು ಎತ್ತಿದವನು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬ ಆಕ್ಷೇಪವಿದೆ. ಮೊದಲ ಗ್ಲಾಸಿನ ಮಟ್ಟಿಗೆ ಈ ಮಾತು ನಿಜ. ಆದರೆ ರೂಢಿಯು ಗಟ್ಟಿಯಾದಾಗ ಮನುಷ್ಯನ ಸ್ವಾತಂತ್ರ್ಯ ಕುಗ್ಗುತ್ತದೆ, ಹೊಣೆಯೂ ಆ ಮಟ್ಟಿಗೆ ಕುಗ್ಗಬಹುದು ಎಂದು ಧರ್ಮಸಭೆಯೇ ಒಪ್ಪುತ್ತದೆ. ಸಾವಿರದ ಗ್ಲಾಸನ್ನು ಎತ್ತುವ ಕೈ ಪೂರ್ತಿ ಅವನದಲ್ಲ. ಇನ್ನೊಂದು ಮಾತು, ಶಿರೂರಿನ ಗುಡ್ಡವೂ ತಾನಾಗಿ ಮಾತ್ರ ಕುಸಿಯಿತೇ? ಹೆದ್ದಾರಿ ಅಗಲಿಸಲು ಗುಡ್ಡ ಕಡಿದ ರೀತಿಯ ಬಗ್ಗೆ ಆಗಲೇ ಪ್ರಶ್ನೆಗಳೆದ್ದವು. ಆದರೂ ಮಣ್ಣಿನಡಿ ಸಿಕ್ಕವರನ್ನು ತೆಗೆಯುವ ಮೊದಲು ಯಾರ ತಪ್ಪು ಎಂದು ಯಾರೂ ಕೇಳುತ್ತಾ ನಿಲ್ಲಲಿಲ್ಲ. ಮೊದಲು ಎತ್ತುವುದು, ಆಮೇಲೆ ವಿಚಾರಣೆ.

ಕುಡಿತವೆಲ್ಲ ಪಾಪ ಎಂದು ನಾವು ಹೇಳುತ್ತಿಲ್ಲ. ಕಾನಾ ಊರಿನ ಮದುವೆಯಲ್ಲಿ ಪ್ರಭುವು ನೀರನ್ನು ದ್ರಾಕ್ಷಾರಸ ಮಾಡಿದರು. ಪ್ರತಿ ಬಲಿಪೂಜೆಯಲ್ಲಿ ಪೀಠದ ಮೇಲೆ ದ್ರಾಕ್ಷಾರಸವಿರುತ್ತದೆ. ಗೋವಾದ ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದು ಇಲ್ಲಿಯವರ ಕಸುಬು, ಹಬ್ಬ, ಆತಿಥ್ಯ ಎಲ್ಲದರೊಂದಿಗೆ ಬೆಸೆದುಕೊಂಡಿದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಧರ್ಮಸಭೆ ಕಲಿಸುವುದು ಮಿತವನ್ನು. ಹಬ್ಬದ ಗ್ಲಾಸು ಜನರನ್ನು ಹತ್ತಿರ ತರುತ್ತದೆ. ದಿನದ ಕೂಲಿ ನುಂಗುವ ಗ್ಲಾಸು ಮನುಷ್ಯನನ್ನು ತನ್ನವರಿಂದ ದೂರ ಮಾಡುತ್ತದೆ. ಆದರೆ ಮಿತ ಎಂಬುದು ಕೈಯಲ್ಲಿ ಇನ್ನೂ ಹಿಡಿತವಿರುವವನಿಗೆ ಮಾತ್ರ ಸಾಧ್ಯ. ಹಿಡಿತ ತಪ್ಪಿದವನಿಗೆ ಮಿತವಾಗಿ ಕುಡಿ ಎನ್ನುವುದು ಮುಳುಗುವವನಿಗೆ ಸ್ವಲ್ಪ ಈಜು ಎಂದಂತೆ. ಅವನಿಗೆ ಪೂರ್ತಿ ಬಿಡುವುದೊಂದೇ ದಾರಿ.

ಚಿಂಬಲ್‌ನಲ್ಲಿ ನಾವು

ನಮ್ಮಲ್ಲಿ ಹೆಚ್ಚಿನವರು ಉತ್ತರ ಕನ್ನಡದಿಂದಲೋ, ಬೆಳಗಾವಿ, ಗದಗ, ವಿಜಯಪುರದ ಕಡೆಯಿಂದಲೋ ದುಡಿಮೆಗಾಗಿ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ಗೋವಾದಲ್ಲಿ ಮದ್ಯದ ತೆರಿಗೆ ಕಡಿಮೆ, ಬೆಲೆಯೂ ಕಡಿಮೆ. ಊರಿನಲ್ಲಿ ಅತ್ತೆ ಮಾವ, ದೊಡ್ಡಪ್ಪ ಚಿಕ್ಕಪ್ಪ ಎಂದು ಕಣ್ಣಿಡುವವರು ಇರುತ್ತಾರೆ. ಇಲ್ಲಿ ಶನಿವಾರ ಕೂಲಿ ಕೈಗೆ ಬಂದಾಗ ಮನುಷ್ಯ ಒಬ್ಬಂಟಿ. ಊರಿನ ಗೌಡ, ಬುದ್ಧಿವಂತ, ಕೋಲಕಾರ ಯಾರೂ ಜೊತೆಗೆ ಬಂದಿಲ್ಲ.

ಭಾಷೆಯ ತೊಡಕೂ ಇದೆ. ನಮ್ಮ ಮಹಾಧರ್ಮಕ್ಷೇತ್ರದಲ್ಲಿ ಕೊಂಕಣಿ, ಇಂಗ್ಲಿಷ್ ಬಲ್ಲವರಿಗೆ ಬಾಗಿಲುಗಳು ಬೇಗ ತೆರೆಯುತ್ತವೆ. ಕನ್ನಡ ಮಾತ್ರ ಬಲ್ಲ ಹೆಂಗಸೊಬ್ಬಳು ಗಂಡನ ಕುಡಿತದ ಬಗ್ಗೆ ವೈದ್ಯರಿಗೆ ಹೇಗೆ ಹೇಳಬೇಕು? ಮೈ ಹುಷಾರಿಲ್ಲ ಎಂಬುದನ್ನು ಯಾವ ಭಾಷೆಯಲ್ಲಾದರೂ ಕೈಸನ್ನೆಯಿಂದ ಹೇಳಬಹುದು. ರಾತ್ರಿ ಏನಾಗುತ್ತದೆ ಎಂಬುದನ್ನು ಕೈಸನ್ನೆಯಿಂದ ಹೇಳಲಾಗದು. ಚಿಂಬಲ್‌ಗೆ ಹತ್ತಿರದ ಬಾಂಬೋಳಿಯಲ್ಲೇ ಗೋವಾ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ, ಮನೋರೋಗ ಚಿಕಿತ್ಸೆಯ ಸರ್ಕಾರಿ ಸಂಸ್ಥೆಯಿದೆ. ದೂರ ಇರುವುದು ಆಸ್ಪತ್ರೆಯಲ್ಲ, ಜೊತೆಗೆ ಹೋಗುವವರು.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ಹಲವು ವರ್ಷ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು. ಅದು ಜೀವಕ್ಕೇ ಅಪಾಯ. ಹರಕೆ ಹೊತ್ತು ಬಿಡುವವನನ್ನೂ ವೈದ್ಯರ ಕಣ್ಣಿನಡಿ ಬಿಡಿಸಬೇಕು. ಪ್ರಾರ್ಥನೆಗೆ ಔಷಧಿ ವಿರೋಧಿಯಲ್ಲ. ಒಬ್ಬ ಕುಡುಕನ ಕಷ್ಟ ಇನ್ನೊಬ್ಬ ಕುಡುಕನಿಗೇ ಚೆನ್ನಾಗಿ ಗೊತ್ತು ಎಂಬ ಸರಳ ಸತ್ಯದ ಮೇಲೆ 1935ರಲ್ಲಿ ಅಮೆರಿಕದಲ್ಲಿ ಇಬ್ಬರಿಂದ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಇಂದು ಜಗತ್ತಿನಾದ್ಯಂತ ಇವೆ. ಅಲ್ಲಿ ಹೆಸರು ಹೇಳಬೇಕಿಲ್ಲ, ಹಣ ಕೊಡಬೇಕಿಲ್ಲ.

ಹಾಗಾದರೆ ಧರ್ಮಕೇಂದ್ರದ ಕೆಲಸ ಯಾವುದು? ನಮ್ಮ ಕಿರು ಕ್ರೈಸ್ತ ಸಮುದಾಯಗಳು ವಾರ್ಡುವಾರು ಕೂಡುತ್ತವೆ. ಪ್ರತಿ ಕೂಟದಲ್ಲಿ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಇಂಥ ಮನೆಗಳ ಜೊತೆ ನಿಲ್ಲಲು ಒಪ್ಪಿಕೊಂಡರೆ ಸಾಕು. ಉಪದೇಶ ಮಾಡಲು ಅಲ್ಲ. ಕರೆದಾಗ ಬರಲು, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲಲು, ಕನ್ನಡದ ಮಾತನ್ನು ಕೊಂಕಣಿಯಲ್ಲಿ ಹೇಳಲು, ಮಕ್ಕಳಿಗೆ ಒಂದು ರಾತ್ರಿ ಮಲಗಲು ಜಾಗ ಕೊಡಲು, ಕೇಳಿದ್ದನ್ನು ಹೊರಗೆ ಹೇಳದಿರಲು. ಕೋಲಕಾರನ ಕೆಲಸ ಇಷ್ಟೇ, ಆದರೆ ಯಾರ ಕೆಲಸ ಎಂಬುದು ಮೊದಲೇ ಗೊತ್ತಿರಬೇಕು. ಶವಪೆಟ್ಟಿಗೆ ಹೊರಲು ನಾಲ್ವರು ಎಲ್ಲಿದ್ದರೂ ಬರುತ್ತಾರೆ. ಅದಕ್ಕೆ ಹತ್ತು ವರ್ಷ ಮೊದಲೇ ಇಬ್ಬರು ಬಂದರೆ ಪೆಟ್ಟಿಗೆ ಅಷ್ಟು ಬೇಗ ಬೇಕಾಗದಿರಬಹುದು.

ಗೆದ್ದರೇ, ಸೋತರೇ?

ಸುಕ್ರಜ್ಜಿಯ ಹೋರಾಟ ಗೆದ್ದಿತೇ ಎಂದು ಕೇಳಿದರೆ ನೇರ ಉತ್ತರವಿಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು, ಮರುವರ್ಷ ಆ ರಾಜ್ಯದಲ್ಲಿ ಸಾರಾಯಿಯೇ ನಿಷೇಧವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಕುಡಿತ ನಿಲ್ಲಲಿಲ್ಲ, ಬೇರೆ ಬಾಟಲಿಗೆ, ಬೇರೆ ಪ್ಯಾಕೆಟ್ಟಿಗೆ ಹೋಯಿತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಅಜ್ಜಿ ಕೊನೆಯವರೆಗೂ ಕೇಳಿದರು, ಅದೂ ಅವರ ಕಣ್ಣ ಮುಂದೆ ಆಗಲಿಲ್ಲ. ಗೋವಾದಲ್ಲಿ ನಮ್ಮ ನೆರೆಯ ಗಾವಡಾ, ಕುಣಬಿ, ವೇಳಿಪ ಬಂಧುಗಳಿಗೆ ಆ ಮಾನ್ಯತೆ 2003ರಲ್ಲೇ ಸಿಕ್ಕಿದೆ.

ವಿಪತ್ತನ್ನು ಮೊದಲೇ ತಡೆಯುವವರಿಗೆ ಇನ್ನೊಂದು ನಷ್ಟವಿದೆ. ಮಣ್ಣಿನಿಂದ ಎತ್ತಿದ ಜೀವ ಕಣ್ಣಿಗೆ ಕಾಣುತ್ತದೆ. ಕುಡಿಯದೆ ಉಳಿದ ಹುಡುಗ ಕಾಣುವುದಿಲ್ಲ, ಅವನು ಎಂದಿನಂತೆ ಗದ್ದೆಗೆ ಹೋಗುತ್ತಾನೆ, ತಾನು ಉಳಿದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಆಗದೇ ಹೋದ ಸಾವಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಗುಟ್ಟಿನಲ್ಲಿ ಮಾಡಿದ್ದನ್ನು ಕಾಣುವ ತಂದೆಯ ಲೆಕ್ಕದಲ್ಲಿ ಮಾತ್ರ ಅದು ಇರುತ್ತದೆ.

ಒಬ್ಬನಾದರೂ ಉಳಿದರೆ ಏನಾಗಬಹುದು ಎಂಬುದಕ್ಕೆ ಡಬ್ಲಿನ್ ನಗರದ ಕೂಲಿ ಮ್ಯಾಟ್ ಟಾಲ್ಬೊಟ್ ಸಾಕ್ಷಿ. ಹನ್ನೆರಡನೆಯ ವಯಸ್ಸಿನಲ್ಲೇ ಕುಡಿತಕ್ಕೆ ಬಿದ್ದವನು, ಕೂಲಿಯನ್ನೆಲ್ಲ ಕುಡಿದು ಕಳೆದವನು. 1884ರಲ್ಲಿ, 28ರ ಪ್ರಾಯದಲ್ಲಿ, ಮೂರು ತಿಂಗಳು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ. ಒಮ್ಮೆಲೇ ಜೀವಮಾನಕ್ಕಲ್ಲ, ಮೂರು ತಿಂಗಳಿಗೆ. ಆ ಮೂರು ತಿಂಗಳು ನಲವತ್ತು ವರ್ಷವಾಯಿತು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸತ್ತ ಆ ಕೂಲಿಯನ್ನು, ಸಂತ ಪದವಿಯ ಹಾದಿಯಲ್ಲಿ, ಪೂಜ್ಯರೆಂದು 1975ರಲ್ಲಿ ಧರ್ಮಸಭೆ ಸಾರಿತು. ಅವರೂ ನಮ್ಮಂತೆ ಕೈಕೆಲಸದವರು.

ಸುಕ್ರಿ ಬೊಮ್ಮಗೌಡ ಅವರ ಆತ್ಮಕ್ಕೆ ಕರುಣಾಮಯ ದೇವರು ಶಾಂತಿ ನೀಡಲಿ ಎಂದು ಪ್ರಾರ್ಥಿಸೋಣ. ಅವರಂತೆ ಹಾಡಲು ನಮಗೆ ಬಾರದು. ಆದರೆ ನಿಧಾನವಾಗಿ ಕುಸಿಯುವ ಮನೆಯನ್ನೂ ಕುಸಿಯುತ್ತಿರುವ ಮನೆಯೆಂದೇ ಕಾಣಲು ಅವರಿಂದ ಕಲಿಯಬಹುದು. ಈ ವಾರದ ವಾರ್ಡು ಕೂಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳೋಣ: ನಮ್ಮ ಓಣಿಯಲ್ಲಿ ರಾತ್ರಿ ಹೊತ್ತು ಒಬ್ಬಳು ಬಾಗಿಲು ತಟ್ಟಬೇಕಾದರೆ, ಯಾರ ಬಾಗಿಲು ಎಂದು ಅವಳಿಗೆ ಗೊತ್ತಿದೆಯೇ?